ಕೆಂಪ್ಯಾನ ಬಾಯಿಕುಕ್ಕೆ

ನಮ್ಮ ಮನೆಯ ಬಾಗಿಲು ತೆರೆದರೆ ಎಡಗಡೆಯ ಗೋಡೆಗೆ ಕೋಟು ನೇತುಹಾಕುವ ಗೂಟಗಳ ಸಾಲಿದೆ. ಅದರ ಕೊನೆಯ ಗೂಟದಲ್ಲಿ ನಾಯಿಯ ಬಾಯಿಕುಕ್ಕೆಯೊಂದು ತೂಗುತ್ತಿರುತ್ತದೆ. ಊರ ಕಡೆ ಒಕ್ಕಣೆಯ ಕಾಲದಲ್ಲಿ ಎತ್ತು ತೆನೆಗೆ ಬಾಯಿ ಹಾಕದಿರಲೆಂದು ಮೂತಿಗೆ ಕಟ್ಟುತ್ತಿದ್ದ ಕುಕ್ಕೆಯನ್ನು ನೀವು ನೋಡಿದ್ದರೆ, ಇದು ಅದರ ಅಮೆರಿಕದ ಮೊಮ್ಮಗ. ಬಳ್ಳಿಯ ಬದಲು ಕಪ್ಪು ರಬ್ಬರು, ಗಂಟಿನ ಬದಲು ಬಕಲ್ಲು. ಮೂತಿಯ ಭಾಗ ಮಾತ್ರ ವಿಪರೀತ ಉದ್ದ. ಅದನ್ನು ತೊಟ್ಟಿದ್ದವನ ಮುಖ ಅಷ್ಟು ಸಪೂರವಾಗಿತ್ತು.

ನಮ್ಮಲ್ಲಿ ನಾಯಿ ಇಲ್ಲ. ಯಾವತ್ತೂ ಇರಲಿಲ್ಲ.

ಶನಿವಾರ ನಮ್ಮ ಕಡೆಯವರ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ಸೊಪ್ಪು, ತೆಂಗಿನಕಾಯಿ ಕಟ್ಟಿಸಿಕೊಂಡು ಹಿಂದಿರುಗುವ ಸ್ನೇಹಿತರು ವೆಸ್ಟ್ ವಿಂಡ್ಸರಿನ ನಮ್ಮ ಮನೆಗೆ ಇಣುಕುವುದುಂಟು. ಕೋಟು ತೆಗೆದು ನೇತುಹಾಕುವಾಗ ಕೈಗೆ ಕುಕ್ಕೆ ತಗುಲುತ್ತದೆ. "ಏನಪ್ಪಾ ಇದು ಮೂರ್ತಿ, ನಾಯಿ ಎಲ್ಲಿ?" ಎಂದು ಕೇಳುತ್ತಾರೆ. ನನ್ನ ಹೆಂಡತಿ ಸುಮಾ "ನೀವೇ ಹೇಳಿ" ಎಂದು ನನ್ನ ಕಡೆ ನೋಡದೆ ಅಡುಗೆಮನೆಗೆ ಹೋಗುತ್ತಾಳೆ. ಆಗ ನಾನು ಹೇಳಬೇಕಾಗುತ್ತದೆ. ಈಚೆಗೆ ಸರಿಯಾಗಿಯೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೇನೆ. ಆದರೆ ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ; ನಾನೇ ನಂಬುವುದಿಲ್ಲ. ಅದಕ್ಕೆ ಕಾರಣವೂ ಈ ಕುಕ್ಕೆಯೇ.

ನಂಬದಿರುವುದು ನನ್ನ ಉದ್ಯೋಗ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಈಗ ಹೊಸ ಔಷಧಿಗಳ ಪರೀಕ್ಷೆಯ ವರದಿಗಳನ್ನು ನೋಡುತ್ತೇನೆ. ಯಾರಿಗೋ ಮಾತ್ರೆ ನುಂಗಿದ ಮೇಲೆ ತಲೆ ತಿರುಗಿತು ಎಂದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ತಿರುಗಿತು, ಅದಕ್ಕೆ ಮುಂಚೆ ಏನು ತಿಂದಿದ್ದರು, ಇದನ್ನು ಬರೆದವರು ಕಣ್ಣಾರೆ ನೋಡಿದರೋ ಕೇಳಿ ಬರೆದರೋ ಎಂದು ಕೆದಕುವವನು ನಾನು. ಇಪ್ಪತ್ತು ವರ್ಷ ಇದನ್ನೇ ಮಾಡಿದರೆ ಮನುಷ್ಯ ಊಟಕ್ಕೆ ಕೂತಾಗಲೂ ಪುರಾವೆ ಕೇಳುತ್ತಾನೆ. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಬಹಳ ಹೊತ್ತು ಖಾಲಿ ಉಳಿಯುತ್ತದೆ.

ನಮ್ಮ ಮನೆಯಿಂದ ನಾಲ್ಕನೆಯ ಮನೆ ಗಂಗಾ ಆಂಟಿಯದು. ಮುಧೋಳದ ಕಡೆಯವರು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಇಲ್ಲಿ ಮೂವತ್ತು ವರ್ಷ ಆಪರೇಷನ್ನಿಗೆ ಮುನ್ನ ಜನರಿಗೆ ಅರಿವಳಿಕೆ ಕೊಟ್ಟು ನಿವೃತ್ತರಾದವರು. ಅಂಕಲ್ ತೀರಿಕೊಂಡ ಮರುವರ್ಷ ಅವರಿಗೆ ನಾಯಿ ಬೇಕೆನಿಸಿತು. ಅವರ ತಂದೆಯ ಹೊಲದ ಮನೆಯಲ್ಲಿ ಬೇಟೆನಾಯಿಗಳಿದ್ದವಂತೆ: ಸಣ್ಣ ಸೊಂಟ, ಉದ್ದ ಕಾಲು, ಮೊಲ ಕಂಡರೆ ಗಾಳಿ. ಆ ಮುಧೋಳದ ತಳಿ ಇಲ್ಲಿ ಸಿಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಅದರ ದೂರದ ದಾಯಾದಿಯಂತೆ ಕಾಣುವ ಒಂದನ್ನು ತಂದರು. ಕೆಮ್ಮಣ್ಣಿನ ಬಣ್ಣದ ಮೈ, ಜೇನುಬಣ್ಣದ ಕಣ್ಣು, ಬಾಲದ ತುದಿಗೆ ಸುಣ್ಣಕ್ಕೆ ಅದ್ದಿದಂತೆ ಬಿಳುಪು. ಕಿವಿಗಳು ಮಾತ್ರ ಮುಖಕ್ಕಿಂತ ದೊಡ್ಡವು, ಯಾವಾಗಲೂ ನೆಟ್ಟಗೆ. ಕೆಂಪ್ಯಾ ಎಂದು ಹೆಸರಿಟ್ಟರು.

ಇದು ಮೆಡಿಟರೇನಿಯನ್ ಸಮುದ್ರದ ಮಧ್ಯದ ಮಾಲ್ಟಾ ಎಂಬ ಪುಟ್ಟ ದ್ವೀಪದ ತಳಿ. ಅಲ್ಲಿಯ ಭಾಷೆಯಲ್ಲಿ ಇದರ ಹೆಸರಿನ ಅರ್ಥ 'ಮೊಲದ ನಾಯಿ' ಎಂದಷ್ಟೇ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹೊಲದ ಗೋಡೆಗಳ ಸಂದಿಯಲ್ಲಿ ಅಲ್ಲಿ ಮೊಲ ಅಡಗುತ್ತದೆ. ನಾಯಿ ಮೂಸಿ, ನೋಡಿ, ಅದಕ್ಕಿಂತ ಹೆಚ್ಚಾಗಿ ಆ ದೊಡ್ಡ ಕಿವಿಗಳಿಂದ ಕೇಳಿ, ಕಲ್ಲಿನ ಹಿಂದೆ ಉಸಿರಾಡುವ ಮೊಲವನ್ನು ಪತ್ತೆಮಾಡಿ ಬೊಗಳುತ್ತದೆ. ಆಗ ಬೇಟೆಗಾರರು ಉಳಿದ ಸಂದಿಗಳಿಗೆ ಬಲೆ ಒಡ್ಡಿ, ಮುಂಗುಸಿಯಂಥ ಒಂದು ಸಾಕುಪ್ರಾಣಿಯ ಕೊರಳಿಗೆ ಗೆಜ್ಜೆ ಕಟ್ಟಿ ಒಳಗೆ ಬಿಡುತ್ತಾರೆ. ಮೊಲ ಬಲೆಗೆ ಬೀಳುತ್ತದೆ. ನಾಯಿಯ ಕೆಲಸ ಹುಡುಕಿಕೊಡುವುದು. ಯಾರು ಎಲ್ಲಿ ಅವಿತಿದ್ದಾರೆಂದು ಅದಕ್ಕೆ ಗೊತ್ತಾಗುತ್ತದೆ.

ಆದರೆ ಇಂಗ್ಲಿಷಿನವರು ಇದಕ್ಕೆ ಫೇರೋ ಹೌಂಡ್ ಎಂದು ಹೆಸರು ಹಚ್ಚಿದರು. ಈಜಿಪ್ಟಿನ ಗೋರಿಗಳ ಗೋಡೆಯ ಮೇಲೆ ಹೀಗೇ ನೆಟ್ಟಗಿವಿಯ ನಾಯಿಗಳ ಚಿತ್ರ ಇರುವುದರಿಂದ, ಇದು ಫೇರೋ ದೊರೆಗಳ ಅರಮನೆಯ ನಾಯಿ, ಹಡಗು ಹತ್ತಿ ಮಾಲ್ಟಾಕ್ಕೆ ಬಂತು ಎಂಬ ಕಥೆ. ಗಂಗಾ ಆಂಟಿ ಆ ಕಥೆಯನ್ನು ಮೊದಲ ದಿನವೇ ಸಂಭ್ರಮದಿಂದ ಹೇಳಿದರು. ನಾನು ಮನೆಗೆ ಬಂದು ಓದಿ ನೋಡಿ, ಮರುದಿನ ಅವರ ಬಾಗಿಲು ತಟ್ಟಿದೆ.

"ಆಂಟಿ, ಆ ಈಜಿಪ್ಟ್ ಕಥೆಗೆ ಆಧಾರ ಇಲ್ಲ. ವಂಶವಾಹಿ ಹೋಲಿಸಿ ನೋಡಿದವರು ಅಷ್ಟು ಹಳೇ ತಳಿ ಅಲ್ಲ ಅಂತಾರೆ. ಚಿತ್ರ ಹೋಲುತ್ತೆ ಅಂದ ಮಾತ್ರಕ್ಕೆ..."

ಆಂಟಿ ಕೆಂಪ್ಯಾನ ಕಿವಿ ಮುಚ್ಚಿದರು. "ಅದರ ಮುಂದ ಹೇಳಬ್ಯಾಡ್ರಿ ಮೂರ್ತಿ, ಬ್ಯಾಸರ ಮಾಡ್ಕೊಂತೈತಿ. ನಿಮ್ಮ ಮುತ್ತಜ್ಜ ಅರಮನ್ಯಾಗ ಇದ್ದಿದ್ದಿಲ್ಲಂತ ನಾ ಬಂದು ಹೇಳೇನೇನು?"

ಅವರು ಹೇಳಿದ ಇನ್ನೊಂದು ಸಂಗತಿಯನ್ನೂ ನಾನು ನಂಬಲಿಲ್ಲ. ಈ ನಾಯಿಗೆ ಖುಷಿಯಾದರೆ ಮೂಗು, ಕಿವಿಯ ಒಳಬದಿ ಕೆಂಪಗಾಗುತ್ತವೆ, ಮನುಷ್ಯರ ಕೆನ್ನೆ ಕೆಂಪೇರಿದಂತೆ. "ಬೆಳಕಿನ ಆಟ ಇರಬೇಕು" ಎಂದೆ. ಆಂಟಿ ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿದರು. ಕೆಂಪ್ಯಾನ ಮೂಗು ನನ್ನೆದುರಿಗೇ ದಾಸವಾಳದ ಮೊಗ್ಗಾಯಿತು. ಉಳಿದ ನಾಯಿಗಳ ಮೂಗು ಕಪ್ಪು; ಇದರದು ಚರ್ಮದ ಬಣ್ಣದ್ದೇ ಆದ್ದರಿಂದ ರಕ್ತ ಏರಿದ್ದು ಕಾಣುತ್ತದೆ, ಅಷ್ಟೆ. ಅಷ್ಟೆ ಎಂದು ಹೇಳಿ ಬಂದೆನಾದರೂ, ಸಂಜೆ ಕನ್ನಡಿಯ ಮುಂದೆ ನಿಂತು ನನ್ನ ಮೂಗನ್ನು ನೋಡಿಕೊಂಡೆ. ಐವತ್ತೆರಡು ವರ್ಷದ ಮೂಗು. ಏನೂ ಕಾಣಲಿಲ್ಲ.

ಮಾರ್ಚ್ ತಿಂಗಳಲ್ಲಿ ಆಂಟಿ ನಾಲ್ಕು ದಿನ ಬಾಸ್ಟನ್ನಿಗೆ ಹೋಗಬೇಕಾಯಿತು. ಅವರ ತಂಗಿಗೆ ಮೊಣಕಾಲಿನ ಆಪರೇಷನ್. ನಾನು ವಾರಕ್ಕೆ ಎರಡು ದಿನ ಮಾತ್ರ ರೈಲು ಹತ್ತುವವನು, ಉಳಿದಂತೆ ಮನೆಯಿಂದಲೇ ಕೆಲಸ. ಕೆಂಪ್ಯಾನನ್ನು ನಮ್ಮಲ್ಲಿ ಬಿಟ್ಟು ಹೋದರು. ಜೊತೆಗೆ ಒಂದು ಚೀಟಿ, ಒಂದು ಡಬ್ಬಿ. ಚೀಟಿ ಕೆಂಪ್ಯಾನಿಗೆ ಸಂಬಂಧಿಸಿದ್ದು, ಡಬ್ಬಿ ನಮಗೆ. ಡಬ್ಬಿಯಲ್ಲಿ ಶಿರಾ ಇತ್ತು. ಮೈಸೂರಿನವರಾದ ನಾವು ಕೇಸರಿಬಾತ್ ಅನ್ನುವುದನ್ನು ಅವರು ಬಣ್ಣ ಹಾಕದೆ, ತುಪ್ಪ ಎರಡರಷ್ಟು ಹಾಕಿ ಮಾಡಿ ಶಿರಾ ಅನ್ನುತ್ತಾರೆ. ಒಣದ್ರಾಕ್ಷಿ ಧಾರಾಳ.

ಚೀಟಿಯನ್ನು ಸುಮಾ ಫ್ರಿಜ್ಜಿಗೆ ಅಂಟಿಸಿದಳು. ಆಂಟಿಯ ಅಕ್ಷರ ವೈದ್ಯರ ಅಕ್ಷರವಲ್ಲ, ಸ್ಫುಟವಾಗಿತ್ತು. ಹೊರಗೆ ಒಯ್ದಾಗ ಹಗ್ಗ ಬಿಡಬಾರದು, ಅಳಿಲು ಕಂಡರೆ ನಿಲ್ಲುವುದಿಲ್ಲ. ಚಳಿಗೆ ಅದರ ಕೋಟು ಹಾಕಬೇಕು, ಕೂದಲು ತೆಳುವು. ಗದರಬಾರದು, ಮನಸ್ಸಿಗೆ ಹಚ್ಚಿಕೊಂಡು ಎರಡು ದಿನ ಮೂಲೆ ಸೇರುತ್ತದೆ. ಅಡಿಗೆರೆ ಎಳೆದು: ಪಕ್ಕೆಲುಬು ಕಾಣುತ್ತವೆಂದು ಮರುಗಬಾರದು, ತಳಿಯೇ ಹಾಗೆ, ಕೈಯಿಂದ ಏನೂ ತಿನ್ನಿಸಬಾರದು, ಚಾಕೊಲೇಟು, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ವಿಷ.

ನಾನು ಚೀಟಿಯನ್ನು ಓದಿದ್ದೆ. ಬಹಳ ದಿನ 'ಮೇಲೆಮೇಲೆ ಕಣ್ಣಾಡಿಸಿದ್ದೆ' ಎಂದು ಹೇಳಿಕೊಂಡು ತಿರುಗಿದೆ. ಓದಿದ್ದೆ.

ಎರಡನೆಯ ದಿನದ ಮಧ್ಯಾಹ್ನ. ಸುಮಾ ನ್ಯೂಯಾರ್ಕಿನ ಆಫೀಸಿಗೆ ಹೋಗಿದ್ದಳು. ನನಗೆ ಶುಗರ್ ಇದೆ. ದಿನಕ್ಕೆ ಎರಡು ಚಮಚ ಶಿರಾ ಎಂದು ಅವಳು ನಿಗದಿ ಮಾಡಿ ಹೋಗಿದ್ದಳು. ಅವಳ ರೈಲು ಹೊರಟ ಧೈರ್ಯದ ಮೇಲೆ ಡಬ್ಬಿಯನ್ನೇ ಬಿಸಿಮಾಡಿಕೊಂಡು ಮೇಜಿಗೆ ತಂದೆ. ಕೆಂಪ್ಯಾ ಎದುರಿಗೆ ಬಂದು ಕುಳಿತ. ಬೇಡಲಿಲ್ಲ, ಮುಲುಗಲಿಲ್ಲ. ಮುಂಗಾಲು ಜೋಡಿಸಿ, ಕಿವಿ ನೆಟ್ಟಗೆ ಮಾಡಿ, ಚಮಚ ಮೇಲೆ ಹೋದರೆ ಮೇಲೆ, ಕೆಳಗೆ ಬಂದರೆ ಕೆಳಗೆ ಆ ಜೇನುಬಣ್ಣದ ಕಣ್ಣುಗಳನ್ನು ಆಡಿಸಿದ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು.

ನಮ್ಮ ಅಜ್ಜಿ ಹೇಳುತ್ತಿದ್ದಳು: ತಿನ್ನುವಾಗ ಎದುರಿಗೆ ಕೂತು ನೋಡುವ ಜೀವಕ್ಕೆ ಒಂದು ತುತ್ತು ಹಾಕದೆ ತಿಂದರೆ ದೃಷ್ಟಿ ತಗಲುತ್ತದೆ, ಹೊಟ್ಟೆ ನುಲಿಯುತ್ತದೆ. ನಾನು ದೇವರನ್ನು ನಂಬುವುದಿಲ್ಲ, ರಾಹುಕಾಲ ನಂಬುವುದಿಲ್ಲ, ಔಷಧ ಕಂಪೆನಿಯವರ ಅಂಕಿಗಳನ್ನಂತೂ ನಂಬುವುದೇ ಇಲ್ಲ. ಆದರೆ ದೃಷ್ಟಿಯನ್ನು ನನ್ನ ಕೈ ನಂಬುತ್ತದೆ. ಕೈಗೂ ಓದಿಗೂ ಏನು ಸಂಬಂಧ?

ಇನ್ನೊಂದು ಸಂಗತಿ. ನನಗೆ ಚಿಕ್ಕಂದಿನಿಂದ ಒಣದ್ರಾಕ್ಷಿ ಸೇರುವುದಿಲ್ಲ. ಬಾಯಿಗೆ ಸಿಕ್ಕರೆ ಹುಳು ಕಚ್ಚಿದ ಹಾಗೆ. ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವುದು ರೂಢಿ. ಅಂದೂ ಇಟ್ಟೆ. ಹಾಗಾಗಿ ಕೊಡಬೇಕೆನಿಸಿದಾಗ ಕೈಗೆ ಹತ್ತಿರವಿದ್ದದ್ದು ಅವೇ. ನನಗೆ ಬೇಡವಾದದ್ದನ್ನು ಕೊಟ್ಟು ದೃಷ್ಟಿ ಕಳೆದುಕೊಳ್ಳುವ ಲೆಕ್ಕಾಚಾರ. ಒಂದು ಕೊಟ್ಟೆ. ತುಟಿಯಿಂದ ನನ್ನ ಬೆರಳಿಗೆ ತಾಗದಷ್ಟು ನಯವಾಗಿ ತೆಗೆದುಕೊಂಡು ಅಗಿಯದೆ ನುಂಗಿದ. ಮೂಗು ಕೆಂಪಾಯಿತು. ಅದನ್ನು ನೋಡುವುದಕ್ಕೆ ಇನ್ನೊಂದು. ಮತ್ತೊಂದು. ಆ ಕೆಂಪು ಏರಿ ಇಳಿಯುವುದು ಎಷ್ಟು ಚೆಂದವೆಂದರೆ, ತಟ್ಟೆಯ ಅಂಚು ಖಾಲಿಯಾದ ಮೇಲೆ ಡಬ್ಬಿಯೊಳಗೆ ಚಮಚದಿಂದ ಕೆದಕಿ ದ್ರಾಕ್ಷಿ ಹುಡುಕಿದೆ.

ವಿಷ ಎಂದು ಚೀಟಿಯಲ್ಲಿ ಬರೆದದ್ದು ನೆನಪಿರಲಿಲ್ಲವೇ? ಇತ್ತು. 'ಎಷ್ಟು ದ್ರಾಕ್ಷಿ, ಎಷ್ಟು ತೂಕದ ನಾಯಿಗೆ? ಪ್ರಮಾಣ ಹೇಳದೆ ವಿಷ ಅಂದರೇನು ಅರ್ಥ?' ಎಂದು ಯೋಚಿಸಿದ್ದು ಚೆನ್ನಾಗಿ ನೆನಪಿದೆ. ಮೈಸೂರಿನಲ್ಲಿ ನಮ್ಮ ಮನೆಯ ಮುಂದೆ ಕರಿಯ ಎಂಬ ಬೀದಿನಾಯಿ ಇತ್ತು. ಹಬ್ಬದ ದಿನ ನಾನು ಪಾಯಸದಿಂದ ಆರಿಸಿ ಇಟ್ಟ ದ್ರಾಕ್ಷಿಯನ್ನೆಲ್ಲ ಅದೇ ತಿನ್ನುತ್ತಿತ್ತು, ಹದಿನಾಲ್ಕು ವರ್ಷ ಬದುಕಿತು. ಇದು ನನ್ನ ಬಳಿಯಿದ್ದ ಪುರಾವೆ. ಒಂದೇ ಒಂದು ನಾಯಿಯ ಪುರಾವೆ ತಂದವರನ್ನು ನಾನು ಆಫೀಸಿನಲ್ಲಿ ಬಾಯಿ ಬಿಡಲೂ ಬಿಡುವುದಿಲ್ಲ.

ಅರ್ಧ ಗಂಟೆಯ ನಂತರ, ಸುಮ್ಮನೆ, ಕಂಪ್ಯೂಟರಿನಲ್ಲಿ ಹುಡುಕಿದೆ. ಕೆಲವು ನಾಯಿಗಳು ಒಂದು ಹಿಡಿ ತಿಂದು ಆರಾಮಾಗಿರುತ್ತವೆ, ಕೆಲವಕ್ಕೆ ನಾಲ್ಕೈದೇ ಸಾಕು ಮೂತ್ರಪಿಂಡ ಕೆಡುವುದಕ್ಕೆ, ಯಾವುದಕ್ಕೆ ಹೇಗೆಂದು ಮೊದಲೇ ಹೇಳಲಾಗದು, ಹೊಟ್ಟೆಯಿಂದ ಬೇಗ ಕಕ್ಕಿಸಬೇಕು ಎಂದು ಓದಿದೆ. ಇದನ್ನು ಓದಿದ ಯಾವ ಮನುಷ್ಯನಾದರೂ ಏಳುತ್ತಾನೆ. ನಾನು ಇನ್ನೊಂದು ಲೇಖನ ತೆಗೆದೆ. ಅದಾದ ಮೇಲೆ ಮತ್ತೊಂದು. ಕೆಂಪ್ಯಾ ಬಟ್ಟಲಿನ ನೀರೆಲ್ಲ ಕುಡಿದು ಬಂದು ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗಿದ. ಒಂದೂವರೆ ಗಂಟೆ ನಾನು ಪುರಾವೆ ತೂಗಿದೆ.

ಐದೂವರೆಗೆ ಸುಮಾ ಬಂದಳು. ಕೋಟು ತೆಗೆಯುವ ಮೊದಲೇ ಅಡುಗೆಮನೆಯ ಕಟ್ಟೆಯ ಮೇಲೆ ಅರ್ಧ ಖಾಲಿಯಾದ ಡಬ್ಬಿ ಕಂಡಿತು.

"ಇಷ್ಟೊಂದು ಯಾರು ತಿಂದಿದ್ದು?"

ನೋಡಿ, ಇಲ್ಲಿ ನನ್ನ ಬದುಕಿನ ಅತ್ಯಂತ ಸಣ್ಣ ವಾಕ್ಯ ಬರುತ್ತದೆ. ಅದನ್ನು ಹೇಳುವಾಗ ನಾನು ನಾಯಿಯ ಬಗ್ಗೆ ಯೋಚಿಸುತ್ತಿರಲಿಲ್ಲ, ದ್ರಾಕ್ಷಿಯ ಬಗ್ಗೆಯೂ ಅಲ್ಲ. ನನ್ನ ಶುಗರ್ ಬಗ್ಗೆ ಬಯ್ಯುತ್ತಾಳಲ್ಲ ಎಂದಷ್ಟೇ ಹೆದರಿದ್ದೆ.

"ಕೆಂಪ್ಯಾ" ಎಂದೆ.

"ಅಯ್ಯೋ! ದ್ರಾಕ್ಷಿ ಇತ್ತಲ್ರೀ ಅದ್ರಲ್ಲಿ! ಯಾವಾಗ? ಹೇಗೆ?"

"ಈಗಷ್ಟೇ... ನಾನು ಮೀಟಿಂಗ್‌ನಲ್ಲಿದ್ದೆ. ಕಟ್ಟೆಗೆ ಹಾರಿಬಿಡ್ತು."

ಆಮೇಲೆ ಎಲ್ಲ ಅವಳ ಕೈಗೆ ಹೋಯಿತು. ತೆಗೆಯದ ಕೋಟಿನಲ್ಲೇ ಅವಳು ಕಾರು ನಡೆಸಿದಳು, ಹಿಂದಿನ ಸೀಟಿನಲ್ಲಿ ನಾನು ಕೆಂಪ್ಯಾನನ್ನು ತಬ್ಬಿ ಕೂತಿದ್ದೆ. ಹೆದ್ದಾರಿಯ ಬದಿಯ ಪ್ರಾಣಿಗಳ ಆಸ್ಪತ್ರೆಯಲ್ಲಿ ಎಷ್ಟು ಹೊತ್ತಾಯಿತೆಂದು ಕೇಳಿದರು. "ಅರ್ಧ ಗಂಟೆ" ಎಂದಳು ಸುಮಾ, ನನ್ನಿಂದ ಕೇಳಿದ್ದನ್ನು ನಂಬಿ. "ಇಲ್ಲ, ಎರಡು ಗಂಟೆ ಆಗಿರಬಹುದು" ಎಂದೆ. ಅವಳು ತಿರುಗಿ ನೋಡಿದಳು. ಆ ಒಂದು ನಿಜ ಹೇಳಿದ್ದೇನೆ. ಬೇಕಾದರೆ ಅದನ್ನು ನನ್ನ ಪರವಾಗಿ ಬರೆದುಕೊಳ್ಳಿ.

ಕೆಂಪ್ಯಾನಿಗೆ ಕಕ್ಕಿಸಿದರು. ಎರಡು ರಾತ್ರಿ ಅಲ್ಲೇ ಇಟ್ಟುಕೊಂಡು ಸಲೈನ್ ಹಾಕಿದರು. ಆ ಸಂಜೆಯ ಟಿಪ್ಪಣಿಯನ್ನು ಒಬ್ಬ ಹುಡುಗಿ ನನ್ನ ಕೈಗೆ ಕೊಟ್ಟಳು. ಓದಿದೆ. ಮಡಚಿ ಕೋಟಿನ ಒಳಜೇಬಿಗೆ ಹಾಕಿದೆ. ಮುಂದಿನ ಕಾಗದಗಳೆಲ್ಲ ನಾಯಿಯ ಯಜಮಾನಿ ಎಂದು ಆಂಟಿಯ ಹೆಸರಿಗೆ ಹೋದವು.

ಆಂಟಿ ತಂಗಿಯನ್ನು ಬಿಟ್ಟು ಮರುದಿನವೇ ರೈಲಿನಲ್ಲಿ ಬಂದರು. ಅವರಿಗೆ ನಡೆದದ್ದನ್ನು ಹೇಳಿದವಳು ಸುಮಾ, ನಾನಲ್ಲ. ಪಾಪ, ಕಣ್ಣಾರೆ ನೋಡಿದವಳ ಹಾಗೆ ಹೇಳಿದಳು: ಇವರು ಮೀಟಿಂಗ್‌ನಲ್ಲಿದ್ದರು, ಇದು ಒಂದೇ ನೆಗೆತಕ್ಕೆ ಕಟ್ಟೆ ಹತ್ತಿತು, ಡಬ್ಬಿಗೆ ಬಾಯಿ ಹಾಕಿತು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ. ಆಂಟಿ ಹಣೆ ಬಡಿದುಕೊಂಡರು.

"ನಂದ ತಪ್ಪು ಸುಮಾ. ದ್ರಾಕ್ಷಿ ವಿಷ ಅಂತ ಚೀಟಿ ಬರದು, ಅದರ ಬಾಜೂಕ ದ್ರಾಕ್ಷಿ ಹಾಕಿದ ಡಬ್ಬಿ ಇಟ್ಟು ಹೋದ್ನಲ್ಲ. ಎಂಥಾ ಡಾಕ್ಟರ್ ನಾ? ಮೂರ್ತಿ ಪಾಪ ಕೆಲಸ ಬಿಟ್ಟು ಕಾಯಬೇಕಿತ್ತೇನು?"

ಕೆಂಪ್ಯಾ ಉಳಿದ. ಮೂತ್ರಪಿಂಡದ ಅಂಕಿಗಳು ಏರಿ, ಇಳಿದು, ಮೊದಲಿದ್ದಲ್ಲಿಗೆ ಬರದೆ ಸ್ವಲ್ಪ ಮೇಲೆಯೇ ನಿಂತವು. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಬೇರೆ ಪಥ್ಯದ ಊಟ. ಮತ್ತು ಕಳ್ಳತನದ ಚಾಳಿ ಬಿದ್ದ ನಾಯಿಗೆಂದು ಆಸ್ಪತ್ರೆಯವರು ಸೂಚಿಸಿದ ಬಾಯಿಕುಕ್ಕೆ. ಹೊರಗೆ ತಿರುಗಾಡುವಾಗ ಹಾಕಿ ಎಂದಿದ್ದರು. ಆಂಟಿ ಆಪರೇಷನ್ ಕೋಣೆಯ ಶಿಸ್ತಿನವರು. ಮನೆಗೆ ಯಾರಾದರೂ ಬಂದಾಗಲೂ ಹಾಕತೊಡಗಿದರು, ಬಂದವರ ಕೈಯಲ್ಲಿ ತಿಂಡಿಯ ಪೊಟ್ಟಣ ಇರುತ್ತದಲ್ಲ. ಬೆಲ್ಲು ಬಾರಿಸಿದರೆ "ತಡೀರಿ, ತಡೀರಿ, ಕಳ್ಳನ ಬಾಯಿ ಕಟ್ಟಿ ಬರ್ತೇನಿ" ಎಂದು ಒಳಗಿನಿಂದ ಕೂಗುತ್ತಿದ್ದರು.

ಆ ಬೇಸಿಗೆಯೆಲ್ಲ ನನ್ನ ಕಿಟಕಿಯ ಮುಂದೆ ಕೆಂಪ್ಯಾ ಕುಕ್ಕೆ ತೊಟ್ಟು ಹಾದುಹೋದ. ಮೊದಲ ವಾರ ಹುಲ್ಲಿಗೆ ಮುಖ ಉಜ್ಜಿ ಕಿತ್ತುಕೊಳ್ಳಲು ನೋಡಿದ. ಆಮೇಲೆ ಬಿಟ್ಟ. ಕಿವಿಗಳನ್ನು ಹಿಂದಕ್ಕೆ ಮಡಚಿ, ಕತ್ತು ತಗ್ಗಿಸಿ ನಡೆಯುವುದನ್ನು ಕಲಿತ. ಗದರಿದರೆ ಮೂಲೆ ಸೇರುವ ತಳಿ ಎಂದು ಚೀಟಿಯಲ್ಲೇ ಬರೆದಿತ್ತು. ಕುಕ್ಕೆಯೊಳಗೆ ಮೂಗು ಕೆಂಪಾದರೂ ಯಾರಿಗೂ ಕಾಣುತ್ತಿರಲಿಲ್ಲ.

ಇನ್ನು ನನ್ನ ನೆನಪಿನ ವಿಷಯ. ಸುಮಾ ಈ ಕಥೆಯನ್ನು ಯುಗಾದಿ ಊಟದಲ್ಲಿ ಹೇಳಿದಳು, ಯಾರದೋ ಗೃಹಪ್ರವೇಶದಲ್ಲಿ ಹೇಳಿದಳು, ಜರ್ಸಿ ಸಿಟಿಯ ಅವಳ ಚಿಕ್ಕಮ್ಮನ ಮಗಳಿಗೆ ಫೋನಿನಲ್ಲಿ ಹೇಳಿದಳು. ಎದುರಿಗೆ ಕೂತು ಕೇಳಿದವರು ಪ್ರತಿ ಸಲವೂ ಕೊನೆಗೆ ನನ್ನ ಕಡೆ ತಿರುಗುತ್ತಿದ್ದರು. ಗೃಹಪ್ರವೇಶದಲ್ಲಿ ನಾನೂ ಒಂದು ಮಾತು ಸೇರಿಸಿದೆ: "ಡಬ್ಬಿ ಮುಚ್ಚಳ ಕೆಳಗೆ ಬಿದ್ದು ಗಿರಗಿರ ಸುತ್ತಿದ ಸದ್ದು ಕೇಳಿ ಓಡಿಬಂದೆ." ಎಲ್ಲರೂ 'ಛೆ ಛೆ' ಅಂದರು. ಅವತ್ತಿನಿಂದ ಆ ಸದ್ದು ನನಗೆ ಕೇಳತೊಡಗಿತು. ಸ್ಟೀಲಿನ ಮುಚ್ಚಳ, ಮರದ ನೆಲ, ನಿಧಾನವಾಗಿ ಆರಂಭವಾಗಿ ಕೊನೆಗೆ ಬೇಗಬೇಗ ಕಂಪಿಸಿ ನಿಲ್ಲುವ ಸದ್ದು. ಆಗಸ್ಟಿನ ಹೊತ್ತಿಗೆ ಕಟ್ಟೆಯ ಮೇಲೆ ಕೆಂಪ್ಯಾನ ಮುಂಗಾಲುಗಳೂ ಕಂಡವು. ತಿನ್ನಿಸಿದ್ದು ಬಹುಶಃ ಒಂದೋ ಎರಡೋ, ಉಳಿದದ್ದು ಅವನೇ ತಿಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡಾಗ, ಅದು ಸುಳ್ಳು ಅನಿಸಲಿಲ್ಲ. ಮರೆತದ್ದು ನೆನಪಾದಂತೆ ಅನಿಸಿತು.

ಆದರೂ ಏನೋ ಕೊರೆಯುತ್ತಿತ್ತು. ನನ್ನ ಹಳೆಯ ಪುರಾವೆಯನ್ನಾದರೂ ಗಟ್ಟಿ ಮಾಡಿಕೊಳ್ಳೋಣ ಎಂದು ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ನಮ್ಮನೆ ಮುಂದೆ ಕರಿಯ ಅಂತ ಒಂದು ನಾಯಿ ಇತ್ತಲ್ಲ?"

"ನಮ್ಮನೆ ಮುಂದೆನಾ? ಅದು ಹಿಂದಿನ ಬೀದಿ ಟೈಲರ್ ಮನೆ ನಾಯಿ ಕಣೋ. ನಿನ್ನ ಕಂಡ್ರೆ ಅಟ್ಟಿಸ್ಕೊಂಡು ಬರ್ತಿತ್ತು. ಸೈಕಲ್ ಮೇಲೆ ಕಾಲೆತ್ಕೊಂಡು ಅಮ್ಮಾ ಅಂತ ಕಿರುಚ್ತಿದ್ದೆ, ಮರೆತೋಯ್ತಾ?"

"ಅಲ್ಲ, ನಾನು ಅದಕ್ಕೆ ಪಾಯಸದ ದ್ರಾಕ್ಷಿ ಹಾಕ್ತಿದ್ದೆ."

"ಯಾವ ದ್ರಾಕ್ಷಿ? ನೀನು ಆರ್ಸಿ ಆರ್ಸಿ ಎಲೆ ತುದೀಲಿ ಇಡ್ತೀಯ ಅಂತ ಅಮ್ಮ ಪಾಯಸಕ್ಕೆ ದ್ರಾಕ್ಷಿ ಹಾಕೋದೇ ಬಿಟ್ಟಿದ್ರು. ಬರೀ ಗೋಡಂಬಿ. ಅದಕ್ಕೆ ನಾನೂ ನೀನೂ ಕಿತ್ತಾಡ್ತಿದ್ವಿ, ನಾಯಿಗೆ ಎಲ್ಲಿ ಉಳೀಬೇಕು? ಇದನ್ನ ಕೇಳೋಕೆ ಅಮೆರಿಕದಿಂದ ಫೋನ್ ಮಾಡಿದ್ಯೇನೋ? ಆರೋಗ್ಯವಾಗಿದ್ದೀಯ ತಾನೆ?"

ಹೀಗೆ ನನ್ನ ಒಂದೇ ಒಂದು ನಾಯಿಯೂ ಹೋಯಿತು.

ನವೆಂಬರಿನಲ್ಲಿ ಚಳಿ ಇಳಿಯಿತು. ಒಂದು ಭಾನುವಾರ ಮಧ್ಯಾಹ್ನ ಬೀರುವಿನ ಹಿಂಭಾಗದಿಂದ ದಪ್ಪ ಕೋಟು ಎಳೆದು ತೊಟ್ಟೆ. ಒಳಜೇಬಿನಲ್ಲಿ ಕಾಗದ ಕರಕರ ಎಂದಿತು. ಬಿಡಿಸಿದೆ. ನಾಯಿಯ ಹೆಸರು, ತೂಕ, ಹೊತ್ತು. ಆಮೇಲೆ ಒಂದು ಸಾಲು: ಹೊಟ್ಟೆಯಿಂದ ಬಂದದ್ದು ಇಡಿಯಾಗಿ ಉಳಿದ ಒಣದ್ರಾಕ್ಷಿಗಳು, ಸುಮಾರು ಹತ್ತೊಂಬತ್ತು, ನಾಯಿಯ ಬೆಳಗಿನ ತಿಂಡಿಯ ಚೂರು, ಬೇರೆ ಆಹಾರ ಇಲ್ಲ.

ರವೆ ಇಲ್ಲ. ತುಪ್ಪ ಇಲ್ಲ. ಅರ್ಧ ಡಬ್ಬಿ ಶಿರಾ ಇಲ್ಲ. ಅದು ಇದ್ದದ್ದು ನನ್ನ ಹೊಟ್ಟೆಯಲ್ಲಿ.

ಇಂಥ ಒಂದು ಸಾಲು ಬೇರೆಯವರ ವರದಿಯಲ್ಲಿ ಸಿಕ್ಕಿದ್ದರೆ ಕುರ್ಚಿಯಿಂದ ಎದ್ದು ಕುಣಿಯುತ್ತಿದ್ದೆ. ಮಾರ್ಚಿನಲ್ಲಿ ಇದನ್ನು ಓದಿದಾಗಲೇ ನನಗೆ ಅರ್ಥವಾಗಿತ್ತು, ಅದಕ್ಕೇ ಒಳಜೇಬು. ಮುಚ್ಚಳದ ಸದ್ದು ಆಗಲೂ ಕಿವಿಯಲ್ಲಿತ್ತು. ಕಾಗದ ಕೈಯಲ್ಲಿತ್ತು. ಎರಡರಲ್ಲಿ ಒಂದನ್ನು ಆಂಟಿಯ ಮನೆಗೆ ಒಯ್ಯಬೇಕಿತ್ತು. ಯೋಚನೆ ಮಾಡಿದರೆ ಇನ್ನೊಂದು ಲೇಖನ ಓದಲು ಕೂತುಬಿಡುತ್ತೇನೆಂಬ ಭಯದಿಂದ ಚಪ್ಪಲಿಯಲ್ಲೇ ಹೊರಟೆ.

ಬೆಲ್ಲು ಬಾರಿಸಿದೆ. "ತಡೀರಿ, ಕಳ್ಳನ ಬಾಯಿ ಕಟ್ಟಿ ಬರ್ತೇನಿ" ಎಂದಿತು ಒಳಗಿನ ದನಿ. ಹೊಸಿಲಾಚೆ ನಿಂತು ಬಕಲ್ಲಿನ ಸದ್ದು ಕೇಳಿದೆ.

"ಬರ್ರಿ ಬರ್ರಿ ಮೂರ್ತಿ, ಚಾ ಇಟ್ಟೇನಿ. ಏನ್ರಿ, ಚಪ್ಪಲ್ಯಾಗ ಬಂದೀರಿ ಈ ಥಂಡ್ಯಾಗ?"

ಸೋಫಾದ ಮೇಲೆ ಕೂತು ಕಾಗದ ಕೊಟ್ಟೆ. "ಆವತ್ತಿನ ಆಸ್ಪತ್ರೆ ಕಾಗದ. ನಿಮಗೆ ಕೊಟ್ಟಿರಲಿಲ್ಲ."

ಕನ್ನಡಕ ಏರಿಸಿ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು, ಈ ಸಲ ಡಾಕ್ಟರಾಗಿ.

"ಬರೇ ದ್ರಾಕ್ಷಿ ಐತಿ. ರವಾ ಎಲ್ಲಿ ಹೋತು?" ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಮೂರ್ತಿ, ಡಬ್ಬಿಗೆ ಬಾಯಿ ಹಾಕಿದ ನಾಯಿ ದ್ರಾಕ್ಷಿ ಆರಿಸಿ ತಿಂತೈತೇನ್ರಿ?"

"ಅದು ಡಬ್ಬಿಗೆ ಬಾಯಿ ಹಾಕಲಿಲ್ಲ ಆಂಟಿ. ದ್ರಾಕ್ಷಿ ಆರಿಸಿದ್ದು ನಾನು. ತಿನ್ನಿಸಿದ್ದೂ ನಾನೇ."

"ಕೈಯಾಗ?"

"ಕೈಯಲ್ಲಿ. ಒಂದೊಂದೇ."

"ಚೀಟಿ ಓದಿದ್ದಿಲ್ಲ?"

"ಓದಿದ್ದೆ. ನಂಬಲಿಲ್ಲ."

"ನಂಬಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಮತ್ತ ಶಿರಾ?"

"ನಾನೇ ತಿಂದೆ."

"ಅರ್ಧ ಡಬ್ಬಿ? ಶುಗರ್ ಇಟ್ಕೊಂಡು?"

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಂತು. ಎದ್ದು ಹೋಗಿ ಒಲೆ ಆರಿಸಿ ಬಂದರು. ಬಟ್ಟಲು ತರಲಿಲ್ಲ. ಮೂಲೆಯಲ್ಲಿ ಕಿವಿ ಮಡಚಿ ಕೂತಿದ್ದ ಕೆಂಪ್ಯಾನ ಬಳಿಗೆ ಹೋಗಿ, ನೋಯುವ ಮೊಣಕಾಲನ್ನು ಕೈಯಿಂದ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತರು. ಬಕಲ್ಲು ಬಿಚ್ಚಿದರು. ಕುಕ್ಕೆಯ ಪಟ್ಟಿ ತಗುಲಿ ಮೂಗಿನ ಮೇಲಿನ ಕೂದಲು ಸವೆದು ಒಂದು ಗೆರೆ ಬಿದ್ದಿತ್ತು. ಅದರ ಮೇಲೆ ಬೆರಳಾಡಿಸಿದರು.

"ಎಂಟ ತಿಂಗಳ ನಿನಗ ಕಳ್ಳ ಅಂದ್ನೋ ತಮ್ಮಾ" ಎಂದರು ನಾಯಿಗೆ. "ಕಳ್ಳ ಅಲ್ಲಿ ಸೋಫಾದ ಮ್ಯಾಲ ಕುಂತಾನ ನೋಡು."

ಅಲ್ಲಿಯವರೆಗೆ ಅವರು ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದರು. ಕುಕ್ಕೆಯನ್ನು ನನ್ನ ಕಡೆ ಚಾಚಿದರು.

"ಇದನ್ನ ನೀವ ಒಯ್ರಿ. ನಮ್ಮನ್ಯಾಗ ಇದರ ಕೆಲಸ ಇಲ್ಲ."

ತೆಗೆದುಕೊಂಡೆ. ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಬಲಗೈಗೆ ಏನೋ ತಣ್ಣಗೆ ತಗುಲಿತು. ಕೆಂಪ್ಯಾ. ಎಂಟು ತಿಂಗಳ ಹಿಂದೆ ದ್ರಾಕ್ಷಿ ಕೊಟ್ಟ ಅದೇ ಕೈಯನ್ನು, ಒಂದೊಂದು ಬೆರಳನ್ನೂ, ಆತುರವಿಲ್ಲದೆ ಮೂಸಿದ. ಕಿವಿಗಳು ಎದ್ದು ನಿಂತವು. ಮೂಗು ಕೆಂಪಾಗುತ್ತ ಬಂತು, ಆಮೇಲೆ ಕಿವಿಯ ಒಳಗೆಲ್ಲ. ನಾಚಿಕೆಯಿಂದಲ್ಲ, ಅವನಿಗೆ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ. ಸ್ನೇಹಿತ ಸಿಕ್ಕ ಖುಷಿಗೆ. ಅವನ ನೆನಪು ಸರಿಯಾಗಿಯೇ ಇತ್ತು. ನಾನು ಮುಷ್ಟಿ ಮುಚ್ಚಿಕೊಂಡೆ.

ಆಂಟಿ ನೆಲದಿಂದ ಏಳಲಿಲ್ಲ. ಬಾಗಿಲು ನಾನೇ ತೆಗೆದುಕೊಂಡೆ.

ಹೊರಗೆ ಬಂದ ಮೇಲೆ ಕುಕ್ಕೆಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಕೋಟಿನ ಜೇಬಿಗೆ ತುರುಕಿ ನೋಡಿದೆ, ಮೂತಿ ಉದ್ದವಾಗಿ ಒಳಗೆ ಹೋಗಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಹಿಡಿದು ನಾಲ್ಕು ಮನೆಗಳಷ್ಟು ದೂರ ನಡೆದೆ. ಎದುರುಮನೆಯ ಅಮೆರಿಕದ ಮುದುಕ ಒಣಗಿದ ಎಲೆ ಗುಡಿಸುತ್ತಿದ್ದವನು ಪೊರಕೆಗೆ ಒರಗಿ ನಿಂತು ನಗುಮುಖದಿಂದ ಕೇಳಿದ, ಕೊನೆಗೂ ನಾಯಿ ತಂದೆಯಾ ಎಂದು.

"ಇಲ್ಲ" ಎಂದೆ. "ಇದು ನನ್ನದೇ."